ಈ ಮಣ್ಣನ್ನು ಎಲ್ಲಿಗೆ ಒಯ್ಯುತ್ತಿದ್ದಾರೆ?

ಮದ್ದೂರಿನ ಹತ್ತಿರದ ನಮ್ಮ ಗದ್ದೆಯ ಮಣ್ಣನ್ನು ಇಟ್ಟಿಗೆ ಗೂಡಿಗೆ ಕೊಟ್ಟೆನೆಂದು ತಮ್ಮ ಮೊನ್ನೆ ಫೋಟೊ ಕಳುಹಿಸಿದ. ನಾನಿರುವ ಜಪಾನಿನ ತೊಚಿಗಿ ಪ್ರಾಂತ್ಯದಲ್ಲಿ ನಮ್ಮ ಪಕ್ಕದ ಮನೆಯ ಅಜ್ಜ ಅದನ್ನು ನೋಡಿ, "ಈ ಮಣ್ಣನ್ನು ಎಲ್ಲಿಗೆ ಒಯ್ಯುತ್ತಿದ್ದಾರೆ?" ಎಂದು ಕೇಳಿದರು. ಇಟ್ಟಿಗೆ ಸುಡುವುದಕ್ಕೆ ಎಂದೆ. "ಬೆಳೆ ಬರುತ್ತಿದ್ದ ಮಣ್ಣೇ?" ಎಂದರು. ಅಷ್ಟೇ ಮಾತು. ನನಗೆ ರಾತ್ರಿ ನಿದ್ದೆ ಹತ್ತಲಿಲ್ಲ.

ಅಜ್ಜ ಸೋರೆಕಾಯಿ ಬೆಳೆಯುತ್ತಾರೆ. ಅದನ್ನು ಉದ್ದುದ್ದ ಪಟ್ಟಿಯಾಗಿ ಹೆರೆದು ಒಣಗಿಸುವುದು ಈ ಸೀಮೆಯ ಹಳೆಯ ಕಸುಬು. ಅವರ ಹೊಲದಂಚಿನಲ್ಲಿ ಅಗೆದ ಆಳದ ಗುಂಡಿಯೊಂದಿದೆ. ಮೇಲೆ ಕಾಡಿಗೆಯಂಥ ಕಪ್ಪು, ಅದರಡಿ ಕೆಂಗಂದು, ಇನ್ನೂ ಕೆಳಗೆ ಹಳದಿ ಪಟ್ಟೆ. ಆ ಹಳದಿ ಕಾಳುಗಳನ್ನು ಬೆರಳಲ್ಲಿ ಹೊಸಕಿದರೆ ಪುಡಿಯಾಗುತ್ತವೆ. ಈ ಮೂರು ಪದರಗಳೂ ಜ್ವಾಲಾಮುಖಿಗಳು ಉಗುಳಿದ ಬೂದಿ, ಕಲ್ಲುಗಳಿಂದಲೇ ಆದವು. ಹಳದಿಯದು ಸುಮಾರು 45 ಸಾವಿರ ವರ್ಷಗಳ ಹಿಂದೆ ಅಕಾಗಿ ಪರ್ವತದಿಂದ ಹಾರಿಬಂದ ನೊರೆಗಲ್ಲು. ಬೋನ್ಸಾಯ್ ಬೆಳೆಸುವವರು ಕನುಮಾ ಮಣ್ಣೆಂದು ಕೊಳ್ಳುತ್ತಾರೆ. ಬೂದಿಯೊಳಗಿನ ಗಾಜಿನ ಕಣಗಳು ಮಳೆನೀರಿಗೆ ಬೇಗ ಶಿಥಿಲವಾಗುತ್ತವೆ. ಅವುಗಳಿಂದ ಹೊರಬಿದ್ದ ಕಬ್ಬಿಣ ತುಕ್ಕಾಗಿ ನಡುವಿನ ಪದರಕ್ಕೆ ಕೆಂಗಂದು ಬಣ್ಣ ಕೊಟ್ಟಿದೆ. ಮೇಲ್ಪದರದಲ್ಲಿ ಸಾವಿರಾರು ವರ್ಷ ಹುಲ್ಲು ಬೆಳೆದು ಕೊಳೆತಿದೆ. ಆ ಕೊಳೆತದ್ದನ್ನು ಬೂದಿಯ ಅಲ್ಯೂಮಿನಿಯಂ ಬಿಗಿಯಾಗಿ ಹಿಡಿದಿಟ್ಟಿರುವುದರಿಂದ ಮಣ್ಣು ಕಪ್ಪಾಗಿದೆ.

ಕಪ್ಪು ಕಂಡರೆ ಫಲವತ್ತು ಎನ್ನುವವರು ನಾವು. ಆದರೆ ಅದೇ ಅಲ್ಯೂಮಿನಿಯಂ ಬೆಳೆಗೆ ಬೇಕಾದ ರಂಜಕವನ್ನೂ (ಫಾಸ್ಫರಸ್) ಹಿಡಿದುಕೊಳ್ಳುತ್ತದೆ, ಬೇರಿಗೆ ಬಿಡುವುದಿಲ್ಲ. ಅಜ್ಜನ ತಂದೆಯ ಕಾಲದಲ್ಲಿ ಇಲ್ಲಿ ಬೆಳೆ ಸೊರಗಿ ನಿಲ್ಲುತ್ತಿತ್ತಂತೆ. ತರಗೆಲೆ ಗೊಬ್ಬರ, ರಂಜಕದ ಗೊಬ್ಬರ ವರ್ಷವರ್ಷವೂ ಸುರಿದು ಇದನ್ನು ಹೊಲ ಮಾಡಿಕೊಂಡರು. ಮಳೆಗೆ ದಾರಿಗೆ ಕೊಚ್ಚಿಬಂದ ಮಣ್ಣನ್ನೂ ಅಜ್ಜ ಬಾಚಿ ಹೊಲಕ್ಕೇ ಹಾಕುತ್ತಾರೆ.

ನಮ್ಮ ಮಂಡ್ಯದ ಕೆಮ್ಮಣ್ಣಿಗೂ ಕಬ್ಬಿಣವೇ ಬಣ್ಣ ಕೊಟ್ಟಿದ್ದು. ಆದರೆ ಅದು ಬೂದಿಯಿಂದ ಆದದ್ದಲ್ಲ, ಸುಮಾರು 300 ಕೋಟಿ ವರ್ಷ ಹಳೆಯ, ನೈಸ್ ಎಂಬ ಗಟ್ಟಿ ಬಂಡೆ ಸವೆದು ಆದದ್ದು. ಬೂದಿ ಮಣ್ಣಾದಷ್ಟು ಬೇಗ ಬಂಡೆ ಮಣ್ಣಾಗುವುದಿಲ್ಲ. ಬೇಸಿಗೆ ಬಂದರೆ ಅಪ್ಪ ಕೆರೆಯ ಗೋಡನ್ನು, ಅಂದರೆ ಹೂಳುಮಣ್ಣನ್ನು, ಎತ್ತಿನ ಗಾಡಿಯಲ್ಲಿ ಹೇರಿ ಗದ್ದೆಗೆ ತರುತ್ತಿದ್ದರು. ನಾವು ಮಕ್ಕಳು ಹೆಂಟೆ ಒಡೆಯುತ್ತಿದ್ದೆವು. ಬೇರೆಯವರು ಒಂದು ಮಂಕರಿ ಗೋಡು ಹೆಚ್ಚು ಒಯ್ದರೂ ಜಗಳವಾಗುತ್ತಿತ್ತು. ಈಗ ಅದೇ ಗದ್ದೆಯ ಮಣ್ಣು ಲೋಡಿನ ಲೆಕ್ಕದಲ್ಲಿ ಹೋಗುತ್ತಿದೆ.

ತಮ್ಮನಿಗೆ ಫೋನ್ ಮಾಡಿದೆ. "ಅಣ್ಣ, ಗದ್ದೆ ಎತ್ತರವಿದೆ, ನಾಲೆಯ ನೀರು ಹತ್ತುವುದಿಲ್ಲ. ತಗ್ಗಿಸಿದರೆ ನೀರೂ ಬರುತ್ತದೆ, ಕೈಗೆ ಕಾಸೂ ಬರುತ್ತದೆ" ಎಂದ. ಅವನ ಕಷ್ಟ ಸುಳ್ಳಲ್ಲ; ಇಲ್ಲಿ ಕುಳಿತು ಅವನನ್ನು ಬೈಯುವುದು ತರವಲ್ಲ. ತಗ್ಗಿಸಲೇಬೇಕಿದ್ದರೆ ಮೇಲಿನ ಒಂದಡಿ ಮಣ್ಣನ್ನು ಬದುವಿನ ಪಕ್ಕ ರಾಶಿ ಹಾಕಿಸು, ಅಡಿಮಣ್ಣನ್ನು ಗೂಡಿಗೆ ಕೊಡು, ಆಮೇಲೆ ರಾಶಿಯನ್ನು ಮತ್ತೆ ಹರಡಿಸು ಎಂದೆ. ಇನ್ನೂ ಅರ್ಧ ಎಕರೆ ಮುಟ್ಟಿಲ್ಲವಂತೆ. ಜೆಸಿಬಿಯವನು ಎರಡು ಸಲದ ಕೆಲಸಕ್ಕೆ ಎಷ್ಟು ಕೇಳುತ್ತಾನೋ ವಿಚಾರಿಸುತ್ತೇನೆ ಎಂದಿದ್ದಾನೆ. ಆ ಹೆಚ್ಚಿನ ಹಣವನ್ನು ನಾನು ಕಳುಹಿಸುತ್ತೇನೆ.