ರಾತ್ರಿ ಎಂಟರ ಮೆಸೇಜು

ರಾತ್ರಿ ಎಂಟಕ್ಕೆ ಬರಬೇಕಿದ್ದ ಮೆಸೇಜು ಬರಲಿಲ್ಲ.

ಗೆಳತಿ ಉಕ್ರೇನಿನ ಖಾರ್ಕಿವ್ ಪ್ರಾಂತ್ಯದಲ್ಲಿದ್ದಳು. ಇಝಿಯಂ ಪಕ್ಕದ ಕಪಿತೋಲಿವ್ಕಾ ಅನ್ನೋ ಹಳ್ಳಿಗೆ ಹೊರಟಿದ್ದಳು. ಹೋಗಿದ್ದೇ ಕಾಣೆಯಾದ ಒಬ್ಬ ಬರಹಗಾರನ ಜಾಡು ಹಿಡಿದು. ಮಕ್ಕಳಿಗಾಗಿ ಬರೆಯುತ್ತಿದ್ದ ವೊಲೊದಿಮಿರ್ ವಕುಲೆಂಕೊ ಅವರನ್ನು 2022ರ ಮಾರ್ಚ್‌ನಲ್ಲಿ ರಷ್ಯಾದ ಸೈನಿಕರು ಮನೆಯಿಂದ ಎಳೆದುಕೊಂಡು ಹೋದರು. ಅದಕ್ಕೆ ಸ್ವಲ್ಪ ಮುಂಚೆ ಅವರು ತಮ್ಮ ಡೈರಿಯನ್ನು ತೋಟದ ಚೆರ್ರಿ ಮರದ ಕೆಳಗೆ ಹೂತಿಟ್ಟಿದ್ದರು.

ಹೊರಡುವ ಮುಂಚೆ ಅವಳು ನನಗೊಂದು ಲಕೋಟೆ ಕೊಟ್ಟಿದ್ದಳು. ಪಾಸ್‌ಪೋರ್ಟ್ ಪ್ರತಿ, ರಕ್ತದ ಗುಂಪು, ಡ್ರೈವರ್ ನಂಬರು, ಹೋಗುವ ದಾರಿಯ ನಕ್ಷೆ. ಕೊನೆಯ ಹಾಳೆಯಲ್ಲಿ ಮೂರು ಪ್ರಶ್ನೆ. ಯಾರಾದರೂ ಫೋನ್ ಮಾಡಿ ಅವಳು ನಮ್ಮ ವಶದಲ್ಲಿದ್ದಾಳೆ ಅಂದರೆ ಇವನ್ನೇ ಕೇಳಬೇಕು, ಅವಳಿಗೆ ಮಾತ್ರ ಗೊತ್ತಿರುವ ಉತ್ತರ ಬಂದರೆ ಬದುಕಿದ್ದಾಳೆ ಅಂತ ಅರ್ಥ. ಕೊಡುವಾಗ ಇಬ್ಬರೂ ಅದರ ಬಗ್ಗೆ ಜಾಸ್ತಿ ಮಾತಾಡಿರಲಿಲ್ಲ.

ಹತ್ತಕ್ಕೆ ಫೋನ್ ಮಾಡಿದೆ. ಸ್ವಿಚ್ ಆಫ್. ನಡುರಾತ್ರಿ ಡ್ರೈವರ್‌ಗೆ ಮಾಡಿದೆ, ಅದೂ ಆಫ್. ಫೇಸ್‌ಬುಕ್ಕಿನಲ್ಲಿ ಹಾಕಿ ಎಲ್ಲರನ್ನೂ ಕೇಳೋಣ ಅಂತ ಕೈ ತುಡಿಯುತ್ತಿತ್ತು. ಆದರೆ ಹಾಳೆಯ ಮೇಲೆ ಕೆಂಪಕ್ಷರದಲ್ಲಿ 'ಎಲ್ಲೂ ಹಾಕಬೇಡ' ಅಂತ ಬರೆದಿದ್ದಳು. ಅವಳು ಯಾರದ್ದಾದರೂ ಕೈಗೆ ಸಿಕ್ಕಿದ್ದರೆ, ತಾನು ಯಾರು ಅಂತ ಅವರಿಗೆ ಏನು ಹೇಳಿದ್ದಾಳೋ! ನನ್ನ ಒಂದು ಪೋಸ್ಟ್ ಅದನ್ನು ಸುಳ್ಳು ಮಾಡಿಬಿಡಬಹುದು, ಅಲ್ವಾ?

ಬೆಳಗಿನ ಎಂಟೂ ಕಳೆಯಿತು.

ಆಗೆಲ್ಲ ತಲೆಯಲ್ಲಿ ಸುತ್ತುತ್ತಿದ್ದದ್ದು ವಕುಲೆಂಕೊ ಅವರ ಅಪ್ಪ. ಸೆಪ್ಟೆಂಬರಿನಲ್ಲಿ ಊರು ರಷ್ಯಾದ ಹಿಡಿತದಿಂದ ಬಿಡುಗಡೆಯಾದ ಮೇಲೆ ಆ ಮುದುಕ, ಕಾದಂಬರಿಗಾರ್ತಿ ವಿಕ್ಟೋರಿಯಾ ಅಮೆಲಿನಾ ಜೊತೆ ತೋಟ ಅಗೆದರು. ಡೈರಿ ಸಿಕ್ಕಿತು, ಮಗ ಸಿಗಲಿಲ್ಲ. ಇಝಿಯಂ ಕಾಡಿನ ಸಮಾಧಿಯೊಂದರಲ್ಲಿದ್ದ ದೇಹ ವಕುಲೆಂಕೊ ಅವರದೇ ಅಂತ ಡಿಎನ್‌ಎ ಪರೀಕ್ಷೆ ಹೇಳಿದ್ದು ನವೆಂಬರಿನಲ್ಲಿ. ಎಂಟು ತಿಂಗಳು! ಹನ್ನೆರಡು ಗಂಟೆಗೇ ನನಗೆ ಉಸಿರು ಕಟ್ಟಿತ್ತು. ಯುದ್ಧಾಪರಾಧಗಳನ್ನು ದಾಖಲಿಸುತ್ತಿದ್ದ ಅಮೆಲಿನಾ ಕೂಡ ಮುಂದಿನ ವರ್ಷ ಪೂರ್ವ ಉಕ್ರೇನಿನ ಕ್ರಮಾತೋರ್ಸ್ಕ್ ನಗರದಲ್ಲಿ ಊಟಕ್ಕೆ ಕೂತಿದ್ದಾಗ ಕ್ಷಿಪಣಿ ದಾಳಿಗೆ ಸಿಕ್ಕಿ, 2023ರ ಜುಲೈ 1ರಂದು ತೀರಿಕೊಂಡರು. ವಯಸ್ಸು 37. ಇದೆಲ್ಲ ಗೊತ್ತಿದ್ದೇ ಗೆಳತಿ ಹೋಗಿದ್ದು. ಹೋಗಬೇಡ ಅಂತ ನಾನು ಗಟ್ಟಿಯಾಗಿ ಹೇಳಲೇ ಇಲ್ಲ. ಹೇಳಿದ್ದರೂ ಹೋಗುತ್ತಿದ್ದಳು, ಆದರೂ ಹೇಳಬೇಕಿತ್ತು.

24 ಗಂಟೆ ಆದರೆ ರಾಯಭಾರ ಕಚೇರಿಗೆ ತಿಳಿಸಬೇಕು. ಮೇಲ್ ಬರೆದಿಟ್ಟೆ. ಅವಳ ಹೆಸರಿನ ಮುಂದೆ 'ಕೊನೆಯದಾಗಿ ಕಂಡದ್ದು' ಅಂತ ಟೈಪ್ ಮಾಡುವಾಗ ಬೆರಳು ಓಡಲಿಲ್ಲ, ಅಳಿಸಿ 'ಕೊನೆಯ ಮೆಸೇಜು' ಅಂತ ಮಾಡಿದೆ.

ಸಂಜೆ ಐದೂವರೆಗೆ ಗೊತ್ತಿಲ್ಲದ ನಂಬರಿನಿಂದ ಫೋನ್. ಅವಳೇ. ವಿದ್ಯುತ್ ಜಾಲದ ಮೇಲೆ ದಾಳಿಯಾಗಿ ಕರೆಂಟು ಹೋಗಿ, ಟವರ್‌ಗಳೂ ಸತ್ತುಹೋಗಿದ್ದವಂತೆ. ದನಿ ಅವಳದೇ, ಅನುಮಾನವೇ ಇಲ್ಲ. ಆದರೂ ಲಕೋಟೆ ತೆಗೆದು ಮೊದಲನೇ ಪ್ರಶ್ನೆ ಕೇಳಿದೆ. ಅವಳು ಒಂದು ಕ್ಷಣ ಸುಮ್ಮನಾಗಿ, ಆಮೇಲೆ ನಿಧಾನವಾಗಿ ಉತ್ತರ ಹೇಳಿದಳು. ಅದನ್ನು ಇಲ್ಲಿ ಬರೆಯುವಂತಿಲ್ಲ. ಮುಂದಿನ ತಿಂಗಳು ಮತ್ತೆ ಹೋಗುತ್ತಾಳೆ.