ಏಳನೇ ತರಗತಿಗೆ ಬಂದ ಬಪ್ಪಂಗಾಯಿ: ಶುಕ್ರವಾರದ ಓದು, ಇಲ್ಲಿಯವರೆಗೆ

ಜೂನ್ ಕೊನೆ

ಅಂತೂ ಶುರು ಮಾಡಿದೆ. ಕೇರಳದ ಕಾಸರಗೋಡು ಜಿಲ್ಲೆ, ಬದಿಯಡ್ಕದ ಕಡೆಯ ಕನ್ನಡ ಮಾಧ್ಯಮ ಶಾಲೆ, ಏಳನೇ ತರಗತಿ, 19 ಮಕ್ಕಳು. ಶುಕ್ರವಾರದ ಕೊನೆಯ ಪಿರಿಯಡ್ ಪೂರ್ತಿ ಒಂದೇ ಪುಸ್ತಕಕ್ಕೆ. ಥಾನ್ಹಾ ಲಾಯ್ ಬರೆದ ‘ಇನ್‌ಸೈಡ್ ಔಟ್ ಅಂಡ್ ಬ್ಯಾಕ್ ಅಗೇನ್’, 2011ರ ಪದ್ಯ ಕಾದಂಬರಿ. 1975ರಲ್ಲಿ, ವಿಯೆಟ್ನಾಂ ಯುದ್ಧದ ಕೊನೆಗೆ ಸೈಗಾನ್ ನಗರ ಬೀಳುವಾಗ ಹತ್ತು ವರ್ಷದ ಹಾ ಎಂಬ ಹುಡುಗಿ ಅಮ್ಮ, ಮೂವರು ಅಣ್ಣಂದಿರ ಜೊತೆ ಹಡಗು ಹತ್ತುತ್ತಾಳೆ. ಕೊನೆಗೆ ಅಮೆರಿಕದ ಅಲಬಾಮಾ ಸೇರುತ್ತಾಳೆ. ಲೇಖಕಿಯೂ ಅದೇ ವರ್ಷ, ಅದೇ ವಯಸ್ಸಿನಲ್ಲಿ ಊರು ಬಿಟ್ಟವರು.

ಗುರುವಾರ ರಾತ್ರಿ ಕೂತು ಒಂದೆರಡು ಪದ್ಯ ಕನ್ನಡಕ್ಕೆ ತರುತ್ತೇನೆ. ಮರುದಿನ ತರಗತಿಯಲ್ಲಿ ಓದುತ್ತೇವೆ.

ಈ ಪುಸ್ತಕವೇ ಯಾಕೆ? ಈ ವರ್ಷ ರಾಯಚೂರು ಕಡೆಯ ಹುಡುಗಿಯೊಬ್ಬಳು ಸೇರಿದ್ದಾಳೆ. ಅಪ್ಪ ಅಮ್ಮ ಕೆಂಪುಕಲ್ಲಿನ ಕೋರೆಯಲ್ಲಿ ಕೆಲಸಕ್ಕಿದ್ದಾರೆ. ಅವಳು ‘ಹೌದ್ರಿ’ ಅಂದರೆ ಸಾಕು, ಹಿಂದಿನ ಬೆಂಚಿನಿಂದ ನಗು. ಈಗೀಗ ಅವಳು ಬಾಯಿ ಬಿಡುವುದೇ ಇಲ್ಲ.

ಜುಲೈ

ಮೊದಲ ವಾರ ಕೆಟ್ಟಿತು. ಭೂಪಟ ತೂಗುಹಾಕಿ ಯುದ್ಧದ ಪಾಠವನ್ನೇ ಮಾಡಿಬಿಟ್ಟೆ. ಮಕ್ಕಳು ಆಕಳಿಸಿದರು. ಎರಡನೇ ವಾರ ಏನನ್ನೂ ವಿವರಿಸಲಿಲ್ಲ. ನಡುವಿನಿಂದ, ಅಲಬಾಮಾದ ಶಾಲೆಯ ಭಾಗ ಓದಿದೆ. ಅಲ್ಲಿ ಅವಳ ಹೆಸರೇ ನಗುವಾಗುತ್ತದೆ, ‘ಹಾ ಹಾ ಹಾ’. ನಮ್ಮವರೂ ನಕ್ಕರು. ಆಮೇಲೆ ತಾವಾಗಿ ಸುಮ್ಮನಾದರು.

‘ಪ್ರಾಸವೇ ಇಲ್ಲ, ಇದು ಪದ್ಯವಾ?’ ಅಂತ ಒಬ್ಬ ಕೇಳಿದ. ಪ್ರಾಸ ಬಿಟ್ಟ ಗೋವಿಂದ ಪೈಗಳು ನಮ್ಮ ಮಂಜೇಶ್ವರದವರೇ ಅಲ್ವಾ, ಉತ್ತರ ಸುಲಭವಾಯಿತು. ಚಿಕ್ಕ ಚಿಕ್ಕ ಸಾಲು, ಸುತ್ತ ಖಾಲಿ ಜಾಗ. ಓದಲು ತಡವರಿಸುವ ಮಗುವೂ ಒಂದು ಪದ್ಯ ಮುಗಿಸುತ್ತದೆ. ಹೊಸ ಭಾಷೆಯಲ್ಲಿ ನಾಲ್ಕೇ ಮಾತು ಗೊತ್ತಿರುವ ಹುಡುಗಿಯ ಕಥೆಗೆ ಇಷ್ಟೇ ಮಾತು ಸರಿ ಅನಿಸುತ್ತದೆ.

ಅದೇ ದಿನ ತಪ್ಪೂ ಮಾಡಿದೆ. ಹೊಸ ಹುಡುಗಿಯ ಕಡೆ ತಿರುಗಿ ‘ನಿನಗೂ ಹೀಗೆ ಆಗಿದೆಯಾ?’ ಅಂದೆ. ಅವಳು ಬೆಂಚಿಗೆ ತಲೆ ಇಟ್ಟವಳು ಎತ್ತಲಿಲ್ಲ. ಸೋಮವಾರ, ಮಂಗಳವಾರ ಬರಲಿಲ್ಲ. ಕೋರೆಯ ಹತ್ತಿರದ ಮನೆಗೆ ಹೋಗಿ ಮಾತಾಡಿಸಿ ಬಂದೆ. ಎಲ್ಲರ ಕಣ್ಣು ಅವಳ ಮೇಲೆ ಬೀಳದಿರಲಿ ಎಂದೇ ಪುಸ್ತಕದ ಹಾ ಎಂಬವಳನ್ನು ತರಗತಿಗೆ ಕರೆತಂದದ್ದು. ಅದನ್ನು ನಾನೇ ಮರೆತೆ.

ಮುಂದಿನ ಎರಡು ಶುಕ್ರವಾರ ಮಳೆಗೆ ರಜೆ.

ಆಗಸ್ಟ್

ಕಥೆಯಲ್ಲಿ ಹಾ ಇದ್ದ ಮನೆಯ ಹಿತ್ತಲಲ್ಲಿ ಒಂದು ಪಪ್ಪಾಯಿ ಗಿಡವಿದೆ. ಕಥೆಯುದ್ದಕ್ಕೂ ಅದು ಬರುತ್ತದೆ. ಅನುವಾದಕ್ಕೆ ಯಾವ ಪದ ಹಾಕಲಿ ಅಂತ ಮಕ್ಕಳನ್ನೇ ಕೇಳಿದೆ. ತುಳುವಿನವರು ‘ಬಪ್ಪಂಗಾಯಿ’ ಅಂದರು. ಮಲಯಾಳದಿಂದ ‘ಕರ್ಮೂಸ’ ಬಂತು. ತಿಂಗಳ ನಂತರ ರಾಯಚೂರಿನ ಹುಡುಗಿಯ ದನಿ ಕೇಳಿತು: ‘ಪಪ್ಪಾಯಿ ರೀ.’ ಮೈಸೂರು ಕಡೆ ‘ಪರಂಗಿ’ ಅನ್ನುತ್ತಾರೆ ಅಂತ ನಾನೂ ಸೇರಿಸಿದೆ. ಪರಂಗಿ ಅಂದರೆ ಎಂತ? ಹೊರದೇಶದವ. ಆ ಗಿಡದ ಮೂಲ ಅಮೆರಿಕ ಖಂಡ, ಪೋರ್ಚುಗೀಸರು ಬಂದ ಕಾಲದಲ್ಲಿ ಇಲ್ಲಿಗೆ ಬಂತು.

‘ಹಾಗಾದ್ರೆ ನಮ್ಮ ತೋಟದ ಬಪ್ಪಂಗಾಯಿಯೂ ಇಲ್ಲಿಯದ್ದಲ್ಲವಾ ಟೀಚರ್?’

ಮನೆಯಲ್ಲಿ ಯಾರು ಯಾವ ಮಾತು ಆಡುತ್ತೀರಿ ಅಂತ ಕೇಳಿದೆ. ತುಳು, ಮಲಯಾಳ, ಹವ್ಯಕ, ಕೊಂಕಣಿ, ಮರಾಠಿ, ಬ್ಯಾರಿ. ಪುಸ್ತಕದ ಕನ್ನಡ ಯಾರ ಮನೆಯಲ್ಲೂ ಇಲ್ಲ, ನನ್ನ ಮನೆಯಲ್ಲೂ ಇಲ್ಲ. ನಾವು ಅದನ್ನು ಶಾಲೆಯಲ್ಲಿ ಕಲಿತವರು. ಅವಳದ್ದು ತೊಟ್ಟಿಲಲ್ಲಿ ಕೇಳಿದ ಕನ್ನಡ. ಅದಕ್ಕೇ ನಾವು ನಕ್ಕದ್ದು. ಇದನ್ನು ನಾನು ಹೇಳಲಿಲ್ಲ. ಹಿಂದಿನ ಬೆಂಚಿನವನೇ ಲೆಕ್ಕ ಹಾಕಿ ಹೇಳಿದ.

‘ಇವಳೂ ನಿರಾಶ್ರಿತಳಾ?’ ಅಂತ ಇನ್ನೊಬ್ಬ ಕೇಳಿದ. ಉತ್ತರ ಅವಳೇ ಕೊಟ್ಟಳು: ‘ಇಲ್ಲ, ನಾವ್ ದೀಪಾವಳಿಗೆ ಊರಿಗೆ ಹೋಗ್ತೀವಿ.’ ಹಾಗೆ ಹೋಗಲು ಪುಸ್ತಕದ ಹುಡುಗಿಗೆ ಆಗುವುದಿಲ್ಲ. ಇದಕ್ಕಿಂತ ಚೆನ್ನಾಗಿ ನನಗೆ ವಿವರಿಸಲು ಬರುತ್ತಿರಲಿಲ್ಲ.

ಮಾತು ಬೈಲುಕುಪ್ಪೆಯ ಟಿಬೆಟಿಯನ್ನರ ಕಡೆ ಹೋಯಿತು. ಪ್ರವಾಸದಲ್ಲಿ ಕೆಲವರು ನೋಡಿದ್ದಾರೆ. ಸುಳ್ಯದಲ್ಲಿ ಅಜ್ಜಿಮನೆ ಇರುವವಳು ರಬ್ಬರ್ ತೋಟದ ತಮಿಳರ ಬಗ್ಗೆ ಕೇಳಿದಳು. 1964ರ ಸಿರಿಮಾವೊ-ಶಾಸ್ತ್ರಿ ಒಪ್ಪಂದದ ನಂತರ ಶ್ರೀಲಂಕಾದಿಂದ ಬಂದ ಕುಟುಂಬಗಳು. ಕಾಗದದಲ್ಲಿ ಅವರು ‘ಮರಳಿ ಬಂದವರು’. ಆದರೆ ಎಷ್ಟೋ ಮಂದಿ ಹುಟ್ಟಿದ್ದೇ ಅಲ್ಲಿ. ನೋಡದ ಊರಿಗೆ ಮರಳುವುದು ಹೇಗೆ ಅಂತ ಮಕ್ಕಳು ಜಾಸ್ತಿ ಹೊತ್ತು ಮಾತಾಡಿದರು. ಗಂಟೆ ಹೊಡೆದದ್ದೂ ಗೊತ್ತಾಗಲಿಲ್ಲ.

ಓಣಂ ರಜೆಗೆ ಮೊದಲು

ಪುಸ್ತಕದ ಪದ್ಯಗಳ ಕೆಳಗೆ ದಿನ ಬರೆದಿರುತ್ತದೆ. ಹಾಗೆಯೇ ನೀವೂ ಒಂದು ದಿನ ಆರಿಸಿ ಬರೆಯಿರಿ ಅಂದಿದ್ದೆ. ಓದಲೇಬೇಕು ಅಂತ ಒತ್ತಾಯ ಇರಲಿಲ್ಲ. ಅವಳು ಚೀಟಿಯನ್ನು ನನ್ನ ಪುಸ್ತಕದೊಳಗೆ ಇಟ್ಟಿದ್ದಳು. ನಾನು ಓದಲಾ ಅಂದೆ. ಬೇಡ, ನಾನೇ ಓದ್ತೀನಿ ಅಂದಳು.

ಇಲ್ಲಿ ಮಳಿ ನಿಲ್ಲಂಗಿಲ್ಲ
ನಮ್ಮೂರಾಗ ಮಳಿ ಬರಂಗಿಲ್ಲ
ಅವ್ವ ಎರಡೂ ಕಡಿ
ಮುಗಿಲು ನೋಡ್ತಾಳ

ಮುಗಿಲು ಅಂದ್ರೆ ಮೋಡವಾ ಆಕಾಶವಾ ಅಂತ ಹಿಂದಿನ ಬೆಂಚಿನವ ಕೇಳಿದ. ಎರಡೂ ಅಂದಳು.

ಇಲ್ಲಿಯವರೆಗೆ 11 ಪದ್ಯ ಆಗಿದೆ. ರಜೆಯಲ್ಲಿ, ಕಥೆಯಲ್ಲಿ ಬರುವ ನೆರೆಮನೆಯ ವಾಷಿಂಗ್ಟನ್ ಬಾಯಿಯವರ ಭಾಗ ಅನುವಾದ ಮಾಡಬೇಕು. ಆ ಯುದ್ಧದಲ್ಲೇ ಮಗನನ್ನು ಕಳೆದುಕೊಂಡು, ಅದೇ ದೇಶದಿಂದ ಬಂದ ಈ ಹುಡುಗಿಗೆ ಇಂಗ್ಲಿಷ್ ಕಲಿಸುವವರು. ಅವರ ಮಾತಿಗೆ ಯಾವ ಕನ್ನಡ ಹೊಂದುತ್ತದೆ ಅಂತ ಮೊದಲು ಮಕ್ಕಳನ್ನು ಕೇಳಿ ನೋಡುತ್ತೇನೆ.