ಕಂಪನಿ ಫಿಟ್ಟಿಂಗ್

ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಕೈ ತೊಳೆದುಕೊಂಡು ಬಂದ ಅಪ್ಪ ಕಾರಿನೊಳಗೆ ಕೂರಲಿಲ್ಲ. ಮುಂದಿನ ಚಕ್ರದ ಪಕ್ಕ ಬಗ್ಗಿ, ರಿಮ್ಮಿಗೆ ತಾಗದಷ್ಟು ದೂರದಲ್ಲಿ ಅಂಗೈ ಹಿಡಿದು ಬಿಸಿ ನೋಡಿದರು.

"ಬ್ರೇಕ್ ಆಯಿಲ್ ಯಾವಾಗ ಬದಲಾಯಿಸಿದ್ದು?"

"ಆಗಸ್ಟಲ್ಲಿ ಅಪ್ಪಾ."

"ಪೂರ್ತಿನಾ, ಮೇಲೆ ಮೇಲೆನಾ?"

"ಪೂರ್ತಿ. ನಾಲ್ಕೂ ಚಕ್ರದಲ್ಲಿ ಬ್ಲೀಡ್ ಮಾಡಿಸಿದೀನಿ."

"ಸರಿ, ಹೊರಡು."

ಕಳೆದ ಜನವರಿಯ ಮಾತಿದು. ಉಜಿರೆಯಲ್ಲಿ ಅತ್ತೆ ಮಗನ ಗೃಹಪ್ರವೇಶ. ಬೆಂಗಳೂರಿಂದ ನಸುಕಿನಲ್ಲೇ ಹೊರಟು ಹಾಸನ, ಬೇಲೂರು, ಮೂಡಿಗೆರೆ ದಾಟಿ ಬಂದಿದ್ದೆವು. ಮುಂದೆ ಚಾರ್ಮಾಡಿ ಘಾಟಿ. ಹದಿನಾಲ್ಕು ವರ್ಷದ ಹಿಂದೆ ಇದೇ ಕಾರಿನಲ್ಲಿ ಇದೇ ಘಾಟಿ ಇಳಿದ ಮೇಲೆ ಅಪ್ಪ ಚಾರ್ಮಾಡಿ ಊರಲ್ಲಿ ಕಾರಿನಿಂದ ಇಳಿದು, ಒಂದೂ ಮಾತಾಡದೆ, ಬಸ್ಸು ಹತ್ತಿ ಉಜಿರೆಗೆ ಹೋಗಿದ್ದರು. ಆಮೇಲೆ ಈ ರಸ್ತೆಯಲ್ಲಿ ನನ್ನ ಪಕ್ಕ ಕೂತದ್ದು ಈ ಜನವರಿಯಲ್ಲೇ.

ಕಾರು 2002ರ ಹೋಂಡಾ ಸಿಟಿ ವಿಟೆಕ್. ಕಾರಿನ ಹುಚ್ಚು ಇರುವವರಿಗೆ ಇಷ್ಟು ಹೇಳಿದರೆ ಸಾಕು. ಉಳಿದವರಿಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಸಿಟಿ ನಮ್ಮ ದೇಶಕ್ಕೆ ಬಂದದ್ದು 1998ರಲ್ಲಿ, ವಿಟೆಕ್ ಎಂಜಿನ್ನಿನ ಸಿಟಿ 2000ದಲ್ಲಿ. 1.5 ಲೀಟರ್, 106 ಅಶ್ವಶಕ್ತಿ, ಟರ್ಬೊ ಇಲ್ಲ. ಈಗಿನ ಸಣ್ಣ ಟರ್ಬೊ ಕಾರುಗಳ ಮುಂದೆ ಇದು ದೊಡ್ಡ ಸಂಖ್ಯೆಯೇನಲ್ಲ. ಆದರೆ ಕಾರಿನ ತೂಕ ಒಂದು ಟನ್ನಿನ ಆಸುಪಾಸು ಅಷ್ಟೇ. ಬಾನೆಟ್ ತಗ್ಗು, ಸೀಟು ನೆಲಕ್ಕೆ ಹತ್ತಿರ. ಗೇರು ಕಡ್ಡಿ ಬೆರಳ ತುದಿಗೆ ಸಿಗುವಷ್ಟು ಹಗುರ. ಎಂಜಿನ್ 5,000 ಆರ್‌ಪಿಎಂ, ಅಂದರೆ ನಿಮಿಷಕ್ಕೆ ಐದು ಸಾವಿರ ಸುತ್ತಿನ ಸಮೀಪ ಬಂದಾಗ ಅದರ ದನಿಯೇ ಬದಲಾಗುತ್ತದೆ. ಆ ದನಿಗಾಗಿಯೇ ನಾನು ಈ ಕಾರು ಕೊಂಡಿದ್ದು.

ವಿಟೆಕ್ ಅಂದರೆ ಎಂಜಿನ್ನಿನ ವೇಗಕ್ಕೆ ತಕ್ಕಂತೆ ವಾಲ್ವ್ ತೆರೆಯುವ ರೀತಿಯನ್ನು ಬದಲಿಸುವ ವ್ಯವಸ್ಥೆ. ಅದನ್ನು ಹೋಂಡಾದಲ್ಲಿ ರೂಪಿಸಿದವರು ಇಕುಓ ಕಾಜಿತಾನಿ ಎಂಬ ಎಂಜಿನಿಯರು. ಮೊದಲು ಬಂದದ್ದು 1989ರ ಇಂಟೆಗ್ರಾ ಕಾರಿನಲ್ಲಿ. 1.6 ಲೀಟರಿಗೆ 160 ಅಶ್ವಶಕ್ತಿ, ಅಂದರೆ ಲೀಟರಿಗೆ ನೂರು. ನನ್ನ ಕಾರಿನಲ್ಲಿರುವುದು ಅದರ ಸರಳ ರೂಪ: ವಾಲ್ವ್‌ಗಳನ್ನು ಒತ್ತುವ ಉಬ್ಬುಗಳಿರುವ ದಂಡ, ಅಂದರೆ ಕ್ಯಾಮ್‌ಶಾಫ್ಟು, ಒಂದೇ; ಕೆಲಸವೆಲ್ಲ ಗಾಳಿ ಒಳಬಿಡುವ ವಾಲ್ವ್‌ಗಳ ಮೇಲೆ. ನಿಧಾನಕ್ಕೆ ಓಡುವಾಗ ಆ ವಾಲ್ವ್‌ಗಳನ್ನು ಕ್ಯಾಮಿನ ತಗ್ಗು ಉಬ್ಬುಗಳು ಒತ್ತುತ್ತಿರುತ್ತವೆ. ವೇಗ ಏರಿದಾಗ ಸೊಲೆನಾಯ್ಡ್ ಎಂಬ ವಿದ್ಯುತ್ ಕವಾಟ ತೆರೆದು, ಎಂಜಿನ್ ಆಯಿಲ್‌ನ ಒತ್ತಡದಿಂದ ಪುಟ್ಟ ಪಿನ್ನು ಸರಿದು, ಉಬ್ಬಿನ ಒತ್ತನ್ನು ವಾಲ್ವ್‌ಗೆ ದಾಟಿಸುವ ರಾಕರ್‌ಗಳನ್ನು ಒಟ್ಟಿಗೆ ಬೆಸೆಯುತ್ತದೆ. ಅಲ್ಲಿಂದ ಎತ್ತರದ ಉಬ್ಬಿನದೇ ಆಟ. ಪಟ್ಟಣದಲ್ಲಿ ಸಾಧು, ಘಾಟಿಯಲ್ಲಿ ಕುದುರೆ. ಎಲ್ಲ ನಿಂತಿರುವುದು ಆಯಿಲ್ ಮಟ್ಟದ ಮೇಲೆ, ಅದರ ಸ್ವಚ್ಛತೆಯ ಮೇಲೆ. ಆಯಿಲ್ ಕಮ್ಮಿಯಾದರೆ ಆ ಎರಡನೇ ದನಿ ಬರುವುದೇ ಇಲ್ಲ.

2008ರಲ್ಲಿ ಮೊದಲ ಮಾಲೀಕರಿಂದ ಕೊಂಡೆ. ಅರವತ್ತೆರಡು ಸಾವಿರ ಕಿಲೋಮೀಟರ್ ಓಡಿತ್ತು, ಒಂದು ಸ್ಕ್ರೂ ಕೂಡ ಬದಲಾಗಿರಲಿಲ್ಲ. ಮೂರು ವರ್ಷ ಕಳೆಯುವಷ್ಟರಲ್ಲಿ ಅದನ್ನು ಗುರುತು ಸಿಗದ ಹಾಗೆ ಮಾಡಿದ್ದೆ. ಮೂಲ ಏರ್ ಫಿಲ್ಟರ್ ಡಬ್ಬ ಕಿತ್ತು ತೆರೆದ ಕೋನ್ ಫಿಲ್ಟರ್ ಹಾಕಿಸಿದೆ. ದಪ್ಪ ಕೊಳವೆಯ ಸೈಲೆನ್ಸರ್ ಬಂತು. ಅಳತೆಗಿಂತ ಎರಡು ಇಂಚು ದೊಡ್ಡ ಅಲಾಯ್ ಚಕ್ರ ಬಂತು. ಕಾರು ಚಕ್ರದ ಮೇಲೆ ಕುಕ್ಕರುಗಾಲಲ್ಲಿ ಕೂತ ಹಾಗೆ ಕಾಣಲಿ ಅಂತ ಸ್ಪ್ರಿಂಗಿನ ಎರಡೆರಡು ಸುತ್ತು ಕತ್ತರಿಸಿಯೂ ಆಯಿತು. ಪೀಣ್ಯದ ಕಾರ್ಖಾನೆಯೊಂದರ ಟೂಲ್ ರೂಮಿನಲ್ಲಿ ಮೂವತ್ತು ವರ್ಷ ಫಿಟ್ಟರ್ ಆಗಿದ್ದ ಅಪ್ಪ ಅದನ್ನು ನೋಡಿ ಅಂದದ್ದು ಒಂದೇ ಮಾತು: "ಒಂದು ಪಾರ್ಟ್ ಬದಲಾಯಿಸಿದರೆ ಅದರ ಅಕ್ಕಪಕ್ಕದ ನಾಲ್ಕನ್ನ ಕೇಳಬೇಕಾಗುತ್ತೆ ಮಗಾ. ಕೇಳಿದೀಯಾ?"

ಕೇಳಿರಲಿಲ್ಲ. 2011ರ ಡಿಸೆಂಬರಿನಲ್ಲಿ ಚಾರ್ಮಾಡಿ ಇಳಿಯುವಾಗ ಅದು ಗೊತ್ತಾಯಿತು. ಆ ದೊಡ್ಡ ಚಕ್ರಗಳು ಮೂಲದವಕ್ಕಿಂತ ಭಾರ. ಭಾರದ ಚಕ್ರ ತಿರುಗುತ್ತಿದ್ದರೆ ನಿಲ್ಲಿಸುವುದಕ್ಕೂ ಹೆಚ್ಚು ಬಲ ಬೇಕು, ಚಕ್ರದ ಆ ಶಕ್ತಿಯೆಲ್ಲ ಶಾಖವಾಗಿ ಬ್ರೇಕಿಗೇ ಹೋಗಬೇಕು. ಬ್ರೇಕೋ, ಕಂಪನಿಯಿಂದ ಬಂದ ಹಾಗೇ ಇತ್ತು. ಅದಕ್ಕಿಂತ ಕೆಟ್ಟದೆಂದರೆ, ಬ್ರೇಕ್ ಆಯಿಲನ್ನು ನಾನು ಕಾರು ಕೊಂಡ ಮೇಲೆ ಒಮ್ಮೆಯೂ ಬದಲಾಯಿಸಿರಲಿಲ್ಲ. ಈ ಆಯಿಲ್ ಗಾಳಿಯ ತೇವ ಹೀರಿಕೊಳ್ಳುತ್ತದೆ. ಡಾಟ್ 4 ದರ್ಜೆಯದು ಹೊಸದಿದ್ದಾಗ ಕುದಿಯಲು ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ಬೇಕು. ನೀರು ಸೇರಿದ ಮೇಲೆ ಅದಕ್ಕೆ ನಿಗದಿಯಾಗಿರುವ ಮಿತಿಯೇ 155. ಲಾರಿಯವರು ಹತ್ತುವ ಗೇರಲ್ಲೇ ಇಳಿಯಬೇಕು ಅನ್ನುತ್ತಾರೆ. ನಾನು ಮೂರನೇ ಗೇರಲ್ಲಿ ಸೈಲೆನ್ಸರಿನ ಸದ್ದು ಕೇಳುತ್ತಾ, ಪ್ರತಿ ತಿರುವಿಗೂ ಬ್ರೇಕು ಒತ್ತುತ್ತಾ ಇಳಿಯುತ್ತಿದ್ದೆ. ಕೆಳಗಿನ ತಿರುವುಗಳಲ್ಲೊಂದು ಕಡೆ ಪೆಡಲ್ ಸ್ಪಂಜಿನ ಹಾಗೆ ಕೆಳಗಿಳಿಯಿತು. ಆಯಿಲ್ ಕುದಿದು ಆವಿಯಾದರೆ ಒತ್ತಿದ ಬಲವೆಲ್ಲ ಆ ಆವಿಯನ್ನು ಅಮುಕುವುದಕ್ಕೇ ಸರಿಹೋಗುತ್ತದೆ, ಚಕ್ರದವರೆಗೆ ತಲುಪುವುದಿಲ್ಲ. ಎರಡು ಮೂರು ಸಲ ಪಂಪ್ ಮಾಡಿದೆ, ಎರಡನೇ ಗೇರಿಗೆ ಹಾಕಿದೆ, ಹ್ಯಾಂಡ್‌ಬ್ರೇಕ್ ಎಳೆದೆ. ಕಾರು ಬೆಟ್ಟದ ಬದಿಯ ಚರಂಡಿಯ ಹತ್ತಿರ ನಿಂತಿತು. ಇನ್ನೊಂದು ಬದಿಗೆ ಏನಿತ್ತು ಅನ್ನುವುದು ಚಾರ್ಮಾಡಿ ನೋಡಿದವರಿಗೆ ಗೊತ್ತು. ಅರ್ಧ ಗಂಟೆ ಆರಲು ಬಿಟ್ಟು, ಮೊದಲನೇ ಗೇರಿನಲ್ಲಿ ತೆವಳುತ್ತಾ ಊರು ಮುಟ್ಟಿದೆವು. ಅಪ್ಪ ಬಸ್ಸು ಹತ್ತಿದರು.

ಬೈದಿದ್ದರೆ ಮರೆತುಬಿಡುತ್ತಿದ್ದೆನೇನೋ.

ಬೆಂಗಳೂರಿಗೆ ಮರಳಿದ ಮೇಲೆ ಕಾರು ಒಯ್ದದ್ದು ಜೆ.ಸಿ. ರಸ್ತೆಯ ಹಿಂದಿನ ಗಲ್ಲಿಯ ಒಂದು ಚಿಕ್ಕ ಗ್ಯಾರೇಜಿಗೆ. ಭಾಯ್ ಹಳೆಯ ಹೋಂಡಾಗಳನ್ನೇ ಮಾಡುವವರು. ಕಾರನ್ನು ಒಂದು ಸುತ್ತು ಓಡಿಸಿ ಬಂದು ಕೀ ಕೈಗಿಟ್ಟರು. "ಸೌಂಡು ಜಾಸ್ತಿ ಆಗಿದೆ ಸಾರ್, ಗಾಡಿ ಜಾಸ್ತಿ ಆಗಿಲ್ಲ" ಅಂದರು.

ನಾನು ವಾದ ಮಾಡಿದೆ. 5,000 ದಾಟಿದ ಮೇಲೆ ಮೊದಲಿಗಿಂತ ಜೋರಾಗಿ ಒದೆಯುತ್ತದಲ್ಲ ಭಾಯ್, ಅದು ಸುಳ್ಳಾ? ಅವರು ಬಾನೆಟ್ ಎತ್ತಿ ಕೋನ್ ಫಿಲ್ಟರಿನ ಮೇಲೆ ನನ್ನ ಕೈ ಇಡಿಸಿದರು. ಸುಡುತ್ತಿತ್ತು. ಮೂಲ ಡಬ್ಬಕ್ಕೆ ಒಂದು ಕೊಳವೆ ಇರುತ್ತದೆ, ಅದು ಎಂಜಿನ್ನಿನ ಶಾಖದಿಂದ ದೂರ, ಮುಂದಿನಿಂದ ತಣ್ಣನೆ ಗಾಳಿ ಎಳೆಯುತ್ತದೆ. ತೆರೆದ ಫಿಲ್ಟರು ಎಂಜಿನ್ ಕಾಯಿಸಿದ ಗಾಳಿಯನ್ನೇ ಕುಡಿಯುತ್ತದೆ. ಬಿಸಿ ಗಾಳಿ ತೆಳು, ಅದರಲ್ಲಿ ಆಮ್ಲಜನಕ ಕಮ್ಮಿ. ದಪ್ಪ ಕೊಳವೆಯಲ್ಲಿ ಹೊಗೆಯ ಹರಿವು ಸಡಿಲವಾಗಿ ಕೆಳಗಿನ ವೇಗದ ಎಳೆತ ಹೋಗಿತ್ತು. ಮೊದಲರ್ಧ ಸೊರಗಿದ್ದರಿಂದ ಕೊನೆಯರ್ಧ ಜೋರೆನಿಸುತ್ತಿತ್ತು. ನಾನು ಪಟ್ಟ ಸಂತೋಷವೆಲ್ಲ ನನ್ನ ಕಾರಿನ ನಷ್ಟದ ಮೇಲೆ ನಿಂತಿತ್ತು ಅಂತ ಅವತ್ತು ಅರ್ಥವಾದಾಗ ಗಂಟಲು ಕಟ್ಟಿತು. ಕಾರಿಗಾಗಿ ಯಾರಾದರೂ ಹೀಗಾಗುತ್ತಾರಾ ಅಂತ ಕೇಳಬಹುದು. ಆಗುತ್ತಾರೆ.

ಬಿಚ್ಚಿಸುವುದಕ್ಕೆ ಒಂದು ದಿನ ಸಾಕಾಗಿತ್ತು, ವಾಪಸ್ಸು ಜೋಡಿಸಲು ಎರಡು ವರ್ಷ ಬೇಕಾಯಿತು. ನನ್ನ ಮೂಲ ಭಾಗಗಳೆಲ್ಲ ಆಗಲೇ ಗುಜರಿ ಸೇರಿದ್ದವು. ಸ್ಪ್ರಿಂಗು, ಅದರ ಕುಣಿತ ತಡೆಯುವ ಡ್ಯಾಂಪರ್ ಹೊಸವೇ ಸಿಕ್ಕವು. ಕತ್ತರಿಸಿದ ಸ್ಪ್ರಿಂಗು ಮೊದಲಿಗಿಂತ ಗಡುಸಾಗುತ್ತದೆ, ಅದನ್ನು ಸಂಭಾಳಿಸುವಂತೆ ಡ್ಯಾಂಪರನ್ನು ಮಾಡಿರುವುದಿಲ್ಲ. ಹಾಗಾಗಿ ನಾಲ್ಕೂ ಸೋರಿದ್ದವು. ಸೈಲೆನ್ಸರೂ ದೊರೆಯಿತು. ಸಿಗದೆ ಹೋದದ್ದು ಆ ಪ್ಲಾಸ್ಟಿಕ್ ಡಬ್ಬ. ಶನಿವಾರ ಬಂದರೆ ಶಿವಾಜಿನಗರದ ಗುಜರಿ ಅಂಗಡಿಗಳನ್ನು ಸುತ್ತುತ್ತಿದ್ದೆ. ಕೊನೆಗೆ ಅಪಘಾತವಾಗಿ ನುಜ್ಜಾಗಿದ್ದ ಒಂದು ಬಿಳಿ ಸಿಟಿಯ ಹೊಟ್ಟೆಯಿಂದ, ಒಂದು ಕ್ಲಿಪ್ಪು ಮುರಿದದ್ದು ಸಿಕ್ಕಿತು. ಅದನ್ನು ಪೇಪರಿನಲ್ಲಿ ಸುತ್ತಿ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದೆ. ಮುರಿದ ಕ್ಲಿಪ್ಪನ್ನು ಅಪ್ಪನೇ ಸ್ಟೀಲ್ ತಗಡಿನಲ್ಲಿ ಮಾಡಿಕೊಟ್ಟರು. ಬಸ್ಸು ಹತ್ತಿದ ದಿನದಿಂದ ಆ ಕಾರನ್ನು ಅವರು ಮುಟ್ಟಿದ್ದು ಅದೇ ಮೊದಲು.

ಮೂಲದ ಹಾಗೆ ಇಡುವುದು ಅಂದರೆ ಕೈಕಟ್ಟಿ ಕೂರುವುದಲ್ಲ. ಬದಲಾಯಿಸಿದವುಗಳಿಗೆ ಸುರಿದ ದುಡ್ಡಿಗಿಂತ ಹೆಚ್ಚು ಈಗ ಕಣ್ಣಿಗೆ ಕಾಣದ ವಸ್ತುಗಳಿಗೆ ಹೋಗುತ್ತದೆ. ಅದರಲ್ಲೂ ರಬ್ಬರು. ಇಪ್ಪತ್ತು ವರ್ಷ ದಾಟಿದ ಕಾರು ಸಡಿಲವೆನಿಸಿದರೆ ಜನ ಗಡುಸು ಸಸ್ಪೆನ್ಶನ್ ಹುಡುಕುತ್ತಾರೆ. ನಿಜಕ್ಕೂ ಸತ್ತಿರುವುದು ಲೋಹದ ಭಾಗಗಳು ಸೇರುವಲ್ಲಿ ಮೆತ್ತೆಯಂತಿರುವ, ಕೈಬೆರಳಷ್ಟು ದಪ್ಪದ ರಬ್ಬರ್ ಬುಶ್‌ಗಳು. ಮುಂದಿನ ಲೋವರ್ ಆರ್ಮಿನ ಬುಶ್ ಮತ್ತು ಎಂಜಿನ್ ಮೌಂಟ್ ಹೊಸದು ಹಾಕಿಸಿದ ದಿನ ಸ್ಟಿಯರಿಂಗ್ ಹಿಡಿದ ಕೈಗೆ ರಸ್ತೆಯ ಹರಳು ಹರಳೂ ತಿಳಿಯಿತು. ಕ್ಯಾಮ್‌ಶಾಫ್ಟನ್ನು ತಿರುಗಿಸುವ ಟೈಮಿಂಗ್ ಬೆಲ್ಟನ್ನು ಕಿಲೋಮೀಟರ್ ಆಗಲಿ ಬಿಡಲಿ ಐದು ವರ್ಷಕ್ಕೊಮ್ಮೆ ಬದಲಿಸುತ್ತೇನೆ; ಅದು ಹರಿದರೆ ವಾಲ್ವ್‌ಗಳು ಪಿಸ್ಟನ್ನಿಗೆ ಬಡಿದು ಎಂಜಿನ್ನೇ ಹೋಗುವ ಅಪಾಯ. ಪೆಟ್ರೋಲಿನಲ್ಲಿ ಶೇ 20 ಎಥೆನಾಲ್ ಬಂದ ಮೇಲೆ ಹಳೆಯ ಇಂಧನ ಪೈಪುಗಳನ್ನು ತೆಗೆಸಿ ಎಥೆನಾಲ್ ತಡೆಯುವಂಥವನ್ನು ಹಾಕಿಸಿದೆ. ಹೆಡ್‌ಲೈಟಿಗೆ ರಿಲೇ ಇಡಿಸಿದ್ದು, ಒಳ್ಳೆಯ ಬ್ರೇಕ್ ಪ್ಯಾಡ್, ಹಿಡಿತ ಚೆನ್ನಾಗಿರುವ ಟೈರು, ಇಷ್ಟೇ ನನ್ನ ಬದಲಾವಣೆಗಳು. ಇವುಗಳಲ್ಲಿ ಯಾವುದೂ ಪಕ್ಕದವುಗಳನ್ನು ಕಾಡುವುದಿಲ್ಲ.

ಹದಿನೈದು ವರ್ಷ ತುಂಬಿ ನೋಂದಣಿ ನವೀಕರಣಕ್ಕೆ ಒಯ್ದಾಗ ಇನ್‌ಸ್ಪೆಕ್ಟರು ಬಾನೆಟ್ ತೆಗೆಸಿ, ಚಾಸಿ ನಂಬರ್ ನೋಡಿ, ಎಂಜಿನ್ ಒಮ್ಮೆ ಏರಿಸಿ ಕೇಳಿ ಸಹಿ ಹಾಕಿದರು. ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಆರ್‌ಸಿಯಲ್ಲಿರುವ ತಯಾರಕರ ವಿವರಕ್ಕೆ ಹೊರತಾಗಿ ವಾಹನ ಮಾರ್ಪಡಿಸಕೂಡದು ಅನ್ನುತ್ತದೆ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಅದನ್ನು ಎತ್ತಿಹಿಡಿಯಿತು. ನಾನು ಮೂಲಕ್ಕೆ ಮರಳಿದ್ದು ಕಾನೂನಿಗಾಗಿ ಅಲ್ಲ. ಆದರೂ ಆ ದಿನ ನಿರಾಳವಾಗಿದ್ದೆ.

ಮತ್ತೆ ಜನವರಿಗೆ ಬರುತ್ತೇನೆ. ಎರಡನೇ ಗೇರಿನಲ್ಲಿ ಇಳಿದೆ. ಎಂಜಿನ್ನೇ ಕಾರನ್ನು ಹಿಡಿದುಕೊಂಡಿತ್ತು, ಬ್ರೇಕು ತಿರುವಿನ ಮುಂದೆ ಮಾತ್ರ. ಅಣ್ಣಪ್ಪ ಸ್ವಾಮಿ ಗುಡಿಯ ಮುಂದೆ ಎಲ್ಲರ ಹಾಗೆ ನಿಲ್ಲಿಸಿ ಕೈಮುಗಿದೆವು. 2019ರ ಮಳೆಯಲ್ಲಿ ಕುಸಿದು ತಿಂಗಳುಗಟ್ಟಲೆ ಮುಚ್ಚಿದ್ದ ರಸ್ತೆಯ ಗಾಯಗಳು ಇನ್ನೂ ಕಾಣುತ್ತವೆ. ಕೆಳಗಿನ ಆ ತಿರುವು ಬಂದಾಗ ನನ್ನ ಕಾಲು ತಾನಾಗಿಯೇ ಪೆಡಲ್ ಮೇಲೆ ಹೋಯಿತು. ಗಟ್ಟಿಯಾಗಿತ್ತು. ಪಕ್ಕಕ್ಕೆ ನೋಡಿದರೆ ಅಪ್ಪ ನಿದ್ದೆ ಮಾಡುತ್ತಿದ್ದರು.

ಮರುದಿನ ಬೆಳಿಗ್ಗೆ ಹತ್ತುವಾಗ ಅವರಿಗೆ ಎಚ್ಚರವಿತ್ತು. ರಸ್ತೆ ಖಾಲಿ, ಕಾಡಿನ ಮೇಲೆ ಮಂಜು ಇನ್ನೂ ಎದ್ದಿರಲಿಲ್ಲ. ತಿರುವಿನಿಂದ ಹೊರಬಂದು ಎರಡನೇ ಗೇರಿನಲ್ಲಿ ಕಾಲು ಪೂರ್ತಿ ಇಳಿಸಿದೆ. ಮೂರು ಸಾವಿರದಿಂದ ಎಳೆತ ಶುರುವಾಗಿ, ಎಲ್ಲೂ ತಡವರಿಸದೆ ಏರಿ, ಐದು ಸಾವಿರದ ಬಳಿ ಎಂಜಿನ್ನು ತನ್ನ ಎರಡನೇ ದನಿ ತೆಗೆಯಿತು. ಕಿರುಚಾಟವಲ್ಲ ಅದು. ಯಕ್ಷಗಾನದಲ್ಲಿ ಮದ್ದಳೆಯ ಜೊತೆಗೆ ಚೆಂಡೆ ಬಂದು ಸೇರುವ ಹಾಗೆ. ಕಿಟಕಿ ಅರ್ಧ ಇಳಿಸಿದ್ದರಿಂದ ಬೆಟ್ಟದ ಗೋಡೆಗೆ ಬಡಿದು ನಮಗೇ ವಾಪಸ್ಸು ಬರುತ್ತಿತ್ತು. ಮುಂದಿನ ತಿರುವು, ಮತ್ತೊಂದು. ಅಪ್ಪ ತಲೆ ಒಂದಿಷ್ಟು ಓರೆ ಮಾಡಿ ಕೇಳುತ್ತಿದ್ದರು. ಲೇಥಿನ ಮುಂದೆ ನಿಂತಾಗ ಅವರು ಹಾಗೇ ಇರುತ್ತಿದ್ದರಂತೆ.

"ಇನ್ನೊಂದು ಸಲ ಬಲಕ್ಕೆ ತಿರುಗು."

"ಯಾಕಪ್ಪಾ?"

"ತಿರುಗು, ಬರುತ್ತೆ ನೋಡು."

ಬಲದ ಹೇರ್‌ಪಿನ್ ಬಂತು. ನಿಧಾನಿಸಿ ಸ್ಟಿಯರಿಂಗ್ ಪೂರ್ತಿ ತಿರುಗಿಸಿದೆ.

"ಕೇಳಿಸ್ತಾ? ಎಡಗಡೆ. ಟಿಕ್ ಟಿಕ್ ಅಂತಿದೆ."

ನನಗೆ ಕೇಳಿಸಿರಲಿಲ್ಲ. ಕೊಟ್ಟಿಗೆಹಾರದಲ್ಲಿ ನಿಲ್ಲಿಸಿ ಎಡ ಮುಂದಿನ ಚಕ್ರದ ಹಿಂದೆ ಮೊಬೈಲ್ ಟಾರ್ಚ್ ಹಿಡಿದು ನೋಡಿದೆ. ಆ್ಯಕ್ಸಲ್ಲಿನ ಜಾಯಿಂಟನ್ನು ಮುಚ್ಚುವ ರಬ್ಬರ್ ಬೂಟು ಒಂದು ಮಡಿಕೆಯಲ್ಲಿ ಸೀಳಿತ್ತು. ಒಳಗಿನ ಗ್ರೀಸು ರಿಮ್ಮಿನ ಒಳಮೈಗೆ ಸಿಡಿದು ಸಣ್ಣ ಕಪ್ಪು ಗೆರೆ ಎಳೆದಿತ್ತು. ಆ ದಪ್ಪ ಕೊಳವೆಯ ಸೈಲೆನ್ಸರಿದ್ದಿದ್ದರೆ ಈ ಸದ್ದು ಕೇಳುವುದು ಜಾಯಿಂಟು ಮುರಿದ ದಿನವೇ.

ಸೋಮವಾರ ಭಾಯ್ ಬೂಟು ಬಿಚ್ಚಿ, ಜಾಯಿಂಟು ತೊಳೆದು, ಗುಂಡುಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ನೋಡಿದರು. "ಬಚಾವ್ ಸಾರ್, ಗುಂಡಿಗೆ ಏಟು ಬಿದ್ದಿಲ್ಲ. ಇನ್ನೊಂದು ತಿಂಗಳು ಓಡಿಸಿದ್ರೆ ಹೋಗ್ತಿತ್ತು." ಹೊಸ ಗ್ರೀಸು ತುಂಬಿ ಹೊಸ ಬೂಟು ಕಟ್ಟಿದರು. ಅಪ್ಪ ಪಕ್ಕದಲ್ಲಿ ಮರದ ಸ್ಟೂಲಿನ ಮೇಲೆ ಕೂತು, ಕ್ಲಿಪ್ಪು ಎಷ್ಟು ಬಿಗಿ ಇರಬೇಕು ಅಂತ ಭಾಯ್‌ಗೆ ಹೇಳುತ್ತಿದ್ದರು.